ವಿನ್ಯಾಸ ವಿದ್ಯಾರ್ಥಿಗಳಿಗೆ ತಾಂತ್ರಿಕ ಬರವಣಿಗೆ ಮತ್ತು ಬ್ಲಾಗ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿನ್ಯಾಸ ಓದುತ್ತಿರುವ ವಿದ್ಯಾರ್ಥಿಗಳು ಹಲವು ವರ್ಷಗಳಿಂದ ನನ್ನಲ್ಲಿ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ನನಗೆ ಅನುಭವದಿಂದ ತಿಳಿದಷ್ಟನ್ನು ಉತ್ತರವಾಗಿ ಬರೆದಿದ್ದೇನೆ. ನಾನೂ ವಿನ್ಯಾಸವನ್ನೇ ಓದಿದವಳು. ಮೂರನೆಯ ವರ್ಷದಲ್ಲಿ ಬರೆಯಲು ತೊಡಗಿ, ಈಗ ತಂತ್ರಾಂಶಗಳಿಗೆ ಕೈಪಿಡಿ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ, ಏಕೆಂದರೆ ಆ ವಿಷಯಗಳಲ್ಲಿಯೇ ವಿದ್ಯಾರ್ಥಿಗಳು ಹೆಚ್ಚು ತೊಡಕಿಗೆ ಸಿಲುಕುವುದನ್ನು ಕಂಡಿದ್ದೇನೆ.

ತಾಂತ್ರಿಕ ಬರವಣಿಗೆ ಎಂದರೇನು? ಬ್ಲಾಗಿಗೂ ಅದಕ್ಕೂ ಏನು ವ್ಯತ್ಯಾಸ?

ಓದುವವರು ಒಂದು ಕೆಲಸವನ್ನು ತಾವೇ ಮಾಡಿ ಮುಗಿಸಲು, ಅಥವಾ ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ನೆರವಾಗುವ ಬರಹವೆಲ್ಲ ತಾಂತ್ರಿಕ ಬರವಣಿಗೆಯೇ. ಪ್ರೆಷರ್ ಕುಕ್ಕರಿನ ಪೆಟ್ಟಿಗೆಯೊಳಗೆ ಮಡಚಿಟ್ಟಿರುವ ಹಾಳೆ, ಮಾತ್ರೆಯ ಜೊತೆಗೆ ಬರುವ ಚೀಟಿ, ಎಟಿಎಂ ಪರದೆಯ ಮೇಲಿನ ಸೂಚನೆ, ಒಂದು ಕಂಪನಿ ತನ್ನ ಬಟನ್, ಬಣ್ಣ, ಅಕ್ಷರಗಳಿಗೆಂದು ಮಾಡಿಕೊಂಡ ನಿಯಮಗಳ ಸಂಗ್ರಹವಾದ ಡಿಸೈನ್ ಸಿಸ್ಟಮ್‌ನಲ್ಲಿ ಯಾವ ಬಟನ್ನನ್ನು ಯಾವಾಗ ಬಳಸಬೇಕೆಂದು ತಿಳಿಸುವ ಪುಟ, ಇವೆಲ್ಲವೂ ಅದರೊಳಗೆ ಬರುತ್ತವೆ. ಇಂಥ ಬರಹದಲ್ಲಿ ಬರೆದವರು ಯಾರೆಂಬುದು ಸಾಮಾನ್ಯವಾಗಿ ಕಾಣುವುದಿಲ್ಲ.

ಬ್ಲಾಗಿನಲ್ಲಿ ನೀವು ನಿಮ್ಮ ಹೆಸರಿನಲ್ಲಿ, ದಿನಾಂಕ ಹಾಕಿ, ‘ನಾನು ಹೀಗೆ ಮಾಡಿದೆ, ಇಲ್ಲಿ ಸಿಕ್ಕಿಹಾಕಿಕೊಂಡೆ, ಹೀಗೆ ಬಿಡಿಸಿಕೊಂಡೆ’ ಎಂದು ಬರೆಯುತ್ತೀರಿ. ಕಲಿಯುವವರಿಗೆ ಬ್ಲಾಗ್ ಒಳ್ಳೆಯ ಬಾಗಿಲು, ಏಕೆಂದರೆ ವಿಷಯವನ್ನೆಲ್ಲ ತಿಳಿದವರಂತೆ ಬರೆಯಬೇಕಾದ ಒತ್ತಡ ಅಲ್ಲಿ ಇರುವುದಿಲ್ಲ.

ನಾನು ಚಿತ್ರ, ಬಣ್ಣ, ಅಕ್ಷರಗಳ ಜೊತೆ ಕೆಲಸ ಮಾಡುವವಳು. ಬರವಣಿಗೆ ನನಗೇಕೆ?

ನೀವು ಮಾಡುವ ವಿನ್ಯಾಸವನ್ನು ಬೇರೊಬ್ಬರು ಕಟ್ಟುತ್ತಾರೆ. ಆ ಡೆವಲಪರ್ ನಿಮ್ಮ ಪಕ್ಕದಲ್ಲಿ ಕುಳಿತಿರುವುದಿಲ್ಲ. ಬಟನ್ ಒತ್ತಿದಾಗ ಜಾಲ ಸಂಪರ್ಕ ಇಲ್ಲದಿದ್ದರೆ ಏನಾಗಬೇಕು, ಹೆಸರು ಉದ್ದವಾಗಿದ್ದರೆ ಸಾಲು ಮುರಿಯಬೇಕೋ ತುದಿ ಕತ್ತರಿಸಬೇಕೋ ಎಂಬುದನ್ನು ಚಿತ್ರವೊಂದೇ ಹೇಳಲಾರದು. ಅಲ್ಲಿ ನಾಲ್ಕು ಸ್ಪಷ್ಟ ವಾಕ್ಯಗಳು ಬೇಕಾಗುತ್ತವೆ. ಇದರ ಜೊತೆಗೆ, ಬಳಕೆದಾರರು ಎಲ್ಲಿ ತಡವರಿಸುತ್ತಾರೆ ಎಂದು ಗಮನಿಸುವುದನ್ನು, ಒಂದು ಕರಡನ್ನು ಹರಿದು ಮತ್ತೊಂದನ್ನು ಮಾಡುವುದನ್ನು ನಿಮಗೆ ಮೊದಲ ವರ್ಷದಿಂದಲೇ ಕಲಿಸಿರುತ್ತಾರೆ. ಬರವಣಿಗೆಗೆ ಬೇಕಾದ ಅಭ್ಯಾಸದಲ್ಲಿ ಅರ್ಧ ಭಾಗ ಅದೇ ಎಂದು ನಾನು ನಂಬುತ್ತೇನೆ.

ನನಗೇ ಇನ್ನೂ ಏನೂ ಗೊತ್ತಿಲ್ಲ. ಏನನ್ನು ಬರೆಯಲಿ?

ಈ ವಾರ ನೀವು ಎಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿದ್ದಿರೋ ಅದನ್ನು ಬರೆಯಿರಿ. ವಿಷಯ ಚಿಕ್ಕದೆಂದು ಬಿಡಬೇಡಿ. ನನ್ನ ಬಳಿಗೆ ಬಂದ ವಿದ್ಯಾರ್ಥಿಗಳಲ್ಲಿ ಬಹುಮಂದಿ ‘ಬಣ್ಣಗಳ ಮನಶ್ಶಾಸ್ತ್ರ’, ‘ಒಳ್ಳೆಯ ವಿನ್ಯಾಸದ ತತ್ತ್ವಗಳು’ ಎಂಬಂಥ ಶೀರ್ಷಿಕೆಗಳಿಂದ ಆರಂಭಿಸಿ ಎರಡನೆಯ ಪ್ಯಾರಾದಲ್ಲಿಯೇ ನಿಂತುಬಿಡುತ್ತಾರೆ, ಏಕೆಂದರೆ ಆ ವಿಷಯಗಳಲ್ಲಿ ಅವರದೇ ಆದ ಕಾಣ್ಕೆ ಇನ್ನೂ ಮೂಡಿರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಂಗೀತದ ಆ್ಯಪ್ ಒಂದಕ್ಕೆ ಕನ್ನಡ ಪರದೆಗಳನ್ನು ರೂಪಿಸುತ್ತಿದ್ದೀರಿ ಎಂದುಕೊಳ್ಳಿ. ಇಂಗ್ಲಿಷ್ ಪರದೆಗೆಂದು ಮಾಡಿದ್ದ ಬಟನ್ನಿನಲ್ಲಿಯೇ ಅಕ್ಷರದ ಗಾತ್ರ 16 ಪಿಕ್ಸೆಲ್, ಸಾಲಿನ ಎತ್ತರ 20 ಪಿಕ್ಸೆಲ್ ಇಟ್ಟು ‘ಶಾಸ್ತ್ರೀಯ’ ಎಂದು ಟೈಪ್ ಮಾಡಿದ್ದೀರಿ. ಪರದೆಯ ಮೇಲೆ ಸ್ತ್ರೀ ಎಂಬ ಅಕ್ಷರದ ಕೆಳಗಿನ ತ-ಒತ್ತಿನ ಬುಡ ಕತ್ತರಿಸಿದಂತೆ ಕಾಣುತ್ತದೆ. ಫಾಂಟ್ ಕೆಟ್ಟಿದೆ ಎಂದು ತಿಳಿದು ಬೇರೆ ಫಾಂಟ್ ಹಾಕುತ್ತೀರಿ. ಅಲ್ಲಿಯೂ ಅದೇ ಕತೆ. ಆಮೇಲೆ ಗಮನಕ್ಕೆ ಬರುತ್ತದೆ: ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಜಿ, ಜೆ, ಪಿ, ಕ್ಯು, ವೈ ಹೀಗೆ ಕೆಲವಷ್ಟೇ ಸಾಲಿನ ಕೆಳಗೆ ಇಳಿಯುತ್ತವೆ, ಅವೂ ಒಂದು ಮಟ್ಟದವರೆಗೆ ಮಾತ್ರ. ಕನ್ನಡದಲ್ಲಿ ಒತ್ತಕ್ಷರಗಳು ಪೂರ್ತಿಯಾಗಿ ಸಾಲಿನ ಕೆಳಗೆ ಕೂರುತ್ತವೆ, ಸ್ತ್ರೀ, ಷ್ಟ್ರ ಮುಂತಾದ ಕಡೆ ಎರಡೆರಡು ಒತ್ತುಗಳು ಸೇರುತ್ತವೆ. ಬಟನ್ನಿನ ಚೌಕಟ್ಟು ತನ್ನ ಅಂಚಿನಾಚೆ ಇರುವುದನ್ನೆಲ್ಲ ಮರೆಮಾಡುವಂತೆ ಹೊಂದಿಸಿರುವುದರಿಂದ ಒತ್ತಿನ ಬುಡ ಕಾಣೆಯಾಗಿದೆ. ಸಾಲಿನ ಎತ್ತರವನ್ನು 26ರ ಆಸುಪಾಸಿಗೆ ಏರಿಸಿ, ಬಟನ್ನಿನ ಎತ್ತರವನ್ನು ಸ್ಥಿರವಾಗಿಡದೆ ಒಳಗಿನ ಪಠ್ಯಕ್ಕೆ ತಕ್ಕಂತೆ ಬೆಳೆಯಲು ಬಿಟ್ಟರೆ ಅಕ್ಷರ ಪೂರ್ತಿ ಕಾಣುತ್ತದೆ.

ಈ ಇಷ್ಟೇ ಸಂಗತಿ ಒಂದು ಪೂರ್ಣ ಬರಹಕ್ಕೆ ಸಾಕು. ಕತ್ತರಿಸಿದ ಬಟನ್ನಿನ ಒಂದು ಚಿತ್ರ, ಸರಿಯಾದ ಬಟನ್ನಿನ ಒಂದು ಚಿತ್ರ, ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಈ ಮೂರೂ ಫಾಂಟುಗಳಲ್ಲಿ ಅದೇ ಪದವನ್ನು ಒಂದೇ ಗಾತ್ರದಲ್ಲಿ ಅಕ್ಕಪಕ್ಕ ಇಟ್ಟ ಇನ್ನೊಂದು ಚಿತ್ರ, ಜೊತೆಗೆ ನೀವು ಮಾಡಿ ನೋಡಿದ ಅಳತೆಗಳು. ಕನ್ನಡ ಪರದೆ ರೂಪಿಸುವ ಮುಂದಿನ ವಿದ್ಯಾರ್ಥಿಗೆ ಇದರಿಂದ ಒಂದು ಮಧ್ಯಾಹ್ನ ಉಳಿಯುತ್ತದೆ.

ಬರಹಕ್ಕೆ ಆಕಾರ ಕೊಡುವುದು ಹೇಗೆ? ಬರೆಯುತ್ತ ಹೋದರೆ ಎಲ್ಲೆಲ್ಲಿಗೋ ಹೋಗುತ್ತದೆ.

ತಂತ್ರಾಂಶದ ಕೈಪಿಡಿ ಬರೆಯುವವರ ನಡುವೆ ಡಯಾಟಾಕ್ಸಿಸ್ ಎಂಬ ವರ್ಗೀಕರಣ ಬಳಕೆಯಲ್ಲಿದೆ. ಅದನ್ನು ರೂಪಿಸಿದವರು ಡೇನಿಯೆಲೆ ಪ್ರೊಚಿದಾ. ಅದರ ಪ್ರಕಾರ ಬರಹಗಳು ನಾಲ್ಕು ಬಗೆ: ಹೊಸಬರನ್ನು ಕೈಹಿಡಿದು ನಡೆಸುವ ಪಾಠ, ಒಂದು ನಿರ್ದಿಷ್ಟ ಕೆಲಸ ಮುಗಿಸಲು ಬೇಕಾದ ಕ್ರಮ, ನಿಘಂಟಿನಂತೆ ತೆರೆದು ನೋಡುವ ವಿವರಪಟ್ಟಿ, ಮತ್ತು ಹೀಗೇಕೆ ಎಂದು ತಿಳಿಸುವ ವಿವರಣೆ. ಬರಹ ದಾರಿ ತಪ್ಪುತ್ತಿದೆ ಎನ್ನಿಸಿದಾಗ ಈ ನಾಲ್ಕರಲ್ಲಿ ಎರಡನ್ನು ಒಂದರೊಳಗೊಂದು ಬೆರೆಸಿರುವಿರೋ ಎಂದು ನೋಡಿ. ನಾಲ್ಕನೆಯ ಹಂತದ ಮಧ್ಯದಲ್ಲಿ ಫಾಂಟುಗಳ ಇತಿಹಾಸ ಬಂದಿದ್ದರೆ, ಬಟನ್ ಒತ್ತಲು ಕಾದಿರುವ ಓದುಗರನ್ನು ನೀವು ನಿಲ್ಲಿಸಿ ಕತೆ ಹೇಳುತ್ತಿದ್ದೀರಿ. ಇತಿಹಾಸವನ್ನು ಬೇರೆ ಪ್ಯಾರಾಕ್ಕೋ ಬೇರೆ ಬರಹಕ್ಕೋ ಸಾಗಿಸಿ.

ಕನ್ನಡದಲ್ಲಿ ಬರೆಯಬೇಕೋ, ಇಂಗ್ಲಿಷಿನಲ್ಲಿಯೇ ಬರೆಯಬೇಕೋ?

ಉದ್ಯೋಗದ ದೃಷ್ಟಿಯಿಂದ ಇಂಗ್ಲಿಷಿನಲ್ಲಿ ಬರೆದ ಮೂರು ನಾಲ್ಕು ಒಳ್ಳೆಯ ಬರಹಗಳು ನಿಮ್ಮ ಬಳಿ ಇರಲೇಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಕೈಪಿಡಿಯ ಕೆಲಸ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲಿಯೇ. ಆದರೂ ಕನ್ನಡದಲ್ಲಿ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿ ಹಾಸನದಲ್ಲೋ ಗದಗದಲ್ಲೋ ಫ್ಲೆಕ್ಸ್ ಬ್ಯಾನರ್ ಅಂಗಡಿ ನಡೆಸುವ ಹುಡುಗನಿಗೆ, ಮನೆಯಲ್ಲಿಯೇ ಲಗ್ನಪತ್ರಿಕೆ ಮಾಡಿಕೊಡುವ ಗೃಹಿಣಿಗೆ, ಚಿತ್ರಕಲಾ ಶಿಕ್ಷಕರಿಗೆ ಬೇಕಾದ ವಿನ್ಯಾಸದ ಮಾಹಿತಿ ಕನ್ನಡದಲ್ಲಿ ಓದಲು ಸಿಗುವುದು ತೀರ ಕಡಿಮೆ. ವಿಡಿಯೊಗಳು ಇವೆ, ಆದರೆ ಕೆಲಸದ ನಡುವೆ ಒಂದು ಅಳತೆಯನ್ನು ಹುಡುಕಿ ನೋಡಲು ವಿಡಿಯೊ ಅನುಕೂಲವಲ್ಲ.

ಒಂದು ಭಾಷೆಯಲ್ಲಿ ಬರೆದುದನ್ನು ಸಾಲುಸಾಲಾಗಿ ಇನ್ನೊಂದಕ್ಕೆ ಬದಲಿಸಲು ಹೋಗಬೇಡಿ. ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ಭಾಷೆಯಲ್ಲಿ ಹೊಸದಾಗಿ ಬರೆಯಿರಿ, ಏಕೆಂದರೆ ಓದುಗರೂ ಬೇರೆ, ಅವರಿಗೆ ಮೊದಲೇ ಗೊತ್ತಿರುವ ಸಂಗತಿಗಳೂ ಬೇರೆ.

ಕನ್ನಡದಲ್ಲಿ ಸೂಚನೆ ಬರೆದರೆ ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುತ್ತದೆ. ಏನು ಮಾಡಲಿ?

ಇದು ನನಗೆ ಬಹಳ ಮುಖ್ಯವೆನಿಸುವ ಪ್ರಶ್ನೆ. ಸುತ್ತೋಲೆಯ ಧಾಟಿ ಬರುವುದಕ್ಕೆ ಮೊದಲ ಕಾರಣ ಕರ್ಮಣಿ ಪ್ರಯೋಗ. ‘ಬಳಕೆದಾರರಿಂದ ಬಟನ್ ಒತ್ತಲ್ಪಟ್ಟಾಗ ಕಡತವು ಉಳಿಸಲ್ಪಡುತ್ತದೆ’ ಎಂದು ಯಾರೂ ಮಾತಾಡುವುದಿಲ್ಲ. ‘ಬಟನ್ ಒತ್ತಿದರೆ ಫೈಲ್ ಸೇವ್ ಆಗುತ್ತದೆ’ ಎಂಬುದು ಅಚ್ಚುಕಟ್ಟಾದ ವಾಕ್ಯ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಎರಡನೆಯ ಕಾರಣ ಒಂದರ ಹಿಂದೊಂದು ಪೋಣಿಸಿದ ವಿಶೇಷಣಗಳು. ಕನ್ನಡದಲ್ಲಿ ‘ಮೊದಲ ಫ್ರೇಮಿನಲ್ಲಿ ಇಟ್ಟ ಬಟನ್ನಿಗೆ ಹಚ್ಚಿದ ಬಣ್ಣದ ಹೆಸರನ್ನು ಬದಲಿಸಿದ ಮೇಲೆ ತೆರೆದುಕೊಳ್ಳುವ ಕಿಟಕಿಯಲ್ಲಿ’ ಎಂದು ಬೆಳೆಸುತ್ತಲೇ ಹೋಗಬಹುದು. ವ್ಯಾಕರಣ ತಡೆಯುವುದಿಲ್ಲ, ಓದುಗರು ಮಾತ್ರ ಕ್ರಿಯಾಪದ ಬರುವ ಹೊತ್ತಿಗೆ ಆರಂಭವನ್ನು ಮರೆತಿರುತ್ತಾರೆ. ಅದನ್ನು ಮೂರಾಗಿ ಒಡೆಯಿರಿ: ‘ಮೊದಲ ಫ್ರೇಮಿನಲ್ಲಿರುವ ಬಟನ್ ಆರಿಸಿ. ಅದರ ಬಣ್ಣದ ಹೆಸರನ್ನು ಬದಲಿಸಿ. ಈಗ ಒಂದು ಕಿಟಕಿ ತೆರೆಯುತ್ತದೆ.’

ವಿಮಾನಗಳ ನಿರ್ವಹಣಾ ಕೈಪಿಡಿಗಳಿಗೆಂದು ರೂಪುಗೊಂಡ ‘ಸರಳೀಕೃತ ತಾಂತ್ರಿಕ ಇಂಗ್ಲಿಷ್’ ನಿಯಮಾವಳಿಯಲ್ಲಿ, ಕ್ರಮ ತಿಳಿಸುವ ವಾಕ್ಯ 20 ಪದಗಳನ್ನೂ ವಿವರಣೆಯ ವಾಕ್ಯ 25 ಪದಗಳನ್ನೂ ಮೀರಬಾರದು ಎಂದಿದೆ. ಈ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. ಇಂಗ್ಲಿಷಿನಲ್ಲಿ ಐದು ಪದಗಳಲ್ಲಿ ಹೇಳುವುದನ್ನು ನಾವು ‘ತೆರೆಯದಿದ್ದರೆ’ ಎಂಬ ಒಂದೇ ಪದದಲ್ಲಿ ಹೇಳುತ್ತೇವೆ. ಕ್ರಮ ತಿಳಿಸುವ ವಾಕ್ಯ ಹತ್ತು ಹನ್ನೆರಡು ಪದಗಳನ್ನು ದಾಟಿದರೆ ಅದನ್ನು ಮತ್ತೊಮ್ಮೆ ನೋಡುವುದು ನನ್ನ ರೂಢಿ. ಒಂದು ವಾಕ್ಯಕ್ಕೆ ಒಂದೇ ಕೆಲಸ ಎಂಬ ಅವರ ಇನ್ನೊಂದು ನಿಯಮ ಮಾತ್ರ ಕನ್ನಡಕ್ಕೂ ಪೂರ್ತಿಯಾಗಿ ಹೊಂದುತ್ತದೆ.

ಕನ್ನಡದ ವಾಕ್ಯಕ್ರಮ ಇಲ್ಲಿ ನಮಗೆ ಅನುಕೂಲವೇ ಆಗಿದೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದ ಬಗ್ಗೆ ‘ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಆರಿಸಿ’ ಎನ್ನುವಾಗ ಎಲ್ಲಿ ನೋಡಬೇಕೆಂಬುದು ಮೊದಲು, ಏನು ಮಾಡಬೇಕೆಂಬುದು ಕೊನೆಗೆ, ತಾನಾಗಿಯೇ ಬರುತ್ತದೆ. ಓದುಗರ ಕಣ್ಣು ಮೊದಲು ಆ ಜಾಗಕ್ಕೆ ಹೋಗಿ ಆಮೇಲೆ ಕೈ ಒತ್ತುತ್ತದೆ. ಕೊನೆಯದಾಗಿ, ‘ಒತ್ತಿ’, ‘ಒತ್ತಿರಿ’, ‘ಒತ್ತಬೇಕು’ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಬರಹದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ. ಒಂದು ಸಾಲಿನಲ್ಲಿ ‘ಒತ್ತಿ’, ಮುಂದಿನದರಲ್ಲಿ ‘ಒತ್ತಬೇಕು’ ಎಂದಿದ್ದರೆ, ಎರಡನೆಯದು ಕಡ್ಡಾಯ, ಮೊದಲನೆಯದು ಐಚ್ಛಿಕ ಎಂದು ಓದುಗರು ತಿಳಿಯುವ ಸಂಭವವಿದೆ.

ಪಾರಿಭಾಷಿಕ ಪದಗಳನ್ನು ಕನ್ನಡಿಸಬೇಕೇ?

ಪರದೆಯ ಮೇಲೆ ಏನು ಕಾಣುತ್ತದೋ ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ತಂತ್ರಾಂಶದಲ್ಲಿ ‘ಲೇಯರ್’ ಎಂದಿರುವಾಗ ನೀವು ‘ಪದರ’ ಎಂದು ಬರೆದರೆ ಓದುಗರು ಮೆನುವಿನಲ್ಲಿ ಆ ಪದವನ್ನು ಹುಡುಕಿ ಸೋಲುತ್ತಾರೆ. ವಿವರಣೆಯ ಭಾಗದಲ್ಲಿ ಮಾತ್ರ ಬಣ್ಣ, ಅಂಚು, ಅಂತರ, ಗಾತ್ರ, ನೆರಳು ಮುಂತಾದ ನಮ್ಮ ಪದಗಳು ಧಾರಾಳವಾಗಿ ಬರಲಿ. ‘ಪದರ ಪದರವಾಗಿ ಹರಡಿದ ಹಾಳೆಗಳಂತೆ ಲೇಯರುಗಳು ಒಂದರ ಮೇಲೊಂದು ಇರುತ್ತವೆ’ ಎಂದು ಒಮ್ಮೆ ಹೇಳಿದರೆ ಪದವೂ ಅರ್ಥವೂ ಒಟ್ಟಿಗೆ ನಿಲ್ಲುತ್ತವೆ. ಒಂದು ವಸ್ತುವಿಗೆ ಬರಹದುದ್ದಕ್ಕೂ ಒಂದೇ ಹೆಸರಿರಲಿ. ಶಾಲೆಯ ಪ್ರಬಂಧದಲ್ಲಿ ಕಲಿತ ಪರ್ಯಾಯ ಪದಗಳ ಸೊಗಸು ಇಲ್ಲಿ ಗೊಂದಲಕ್ಕೆ ದಾರಿ ಮಾಡುತ್ತದೆ.

ಟೈಪಿಂಗ್ ಮತ್ತು ಫಾಂಟಿನ ವಿಷಯದಲ್ಲಿ ಗಮನಿಸಬೇಕಾದದ್ದೇನು?

ಯೂನಿಕೋಡ್‌ನಲ್ಲಿ ಮಾತ್ರ ಟೈಪ್ ಮಾಡಿ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುವ ಜಾಗತಿಕ ಪದ್ಧತಿ ಅದು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡವಿದೆ. ಹಾಗಿದ್ದರೂ ಮುದ್ರಣದ ವಲಯದಲ್ಲಿ ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳ ಪಠ್ಯ ಇಂದಿಗೂ ಕೈಗೆ ಬರುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯನ್ನು ಕಲಿತಿದ್ದರೆ ಅದನ್ನು ಬಿಡಬೇಕಾಗಿಲ್ಲ. ಅದೇ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ ಮತ್ತು ನೇರವಾಗಿ ಯೂನಿಕೋಡ್ ಅಕ್ಷರಗಳನ್ನೇ ಮೂಡಿಸುತ್ತದೆ.

ತಾಂತ್ರಿಕ ಬರಹದಲ್ಲಿ ಇಂಗ್ಲಿಷಿನಿಂದ ಬಂದ ಪದಗಳು ಹೆಚ್ಚಾಗಿರುವುದರಿಂದ ಇನ್ನೊಂದು ಸೂಕ್ಷ್ಮವನ್ನು ತಿಳಿದಿರಬೇಕು. ‘ಸಾಫ್ಟ್‌ವೇರ್’ ಎಂದು ಬರೆಯಲು ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಹಾಕಬೇಕು; ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್ ಸಂಖ್ಯೆ 200ಸಿ. ಅದಿಲ್ಲದಿದ್ದರೆ ‘ಸಾಫ್ಟ್ವೇರ್’ ಎಂದು ವ-ಒತ್ತು ಕೆಳಗೆ ಸೇರಿಕೊಳ್ಳುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬರದೆ ರ ಅಕ್ಷರ ಪೂರ್ತಿಯಾಗಿ ಕಾಣಬೇಕಾದರೆ ರ ಆದಮೇಲೆ, ಸ್ವರವಿಲ್ಲವೆಂದು ತೋರಿಸುವ ಹಲಂತ ಚಿಹ್ನೆಗೆ ಮೊದಲು, ಅದರ ಜೋಡಿಯಾದ ಜೀರೊ ವಿಡ್ತ್ ಜಾಯ್ನರ್ ಬೇಕು. ಅದರ ಸಂಖ್ಯೆ 200ಡಿ. ನೀವು ಬಳಸುವ ಕೀಲಿಮಣೆಯಲ್ಲಿ ಇವೆರಡೂ ಯಾವ ಕೀಲಿಗೆ ಬರುತ್ತವೆ ಎಂದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಒಂದೇ ಪದವನ್ನು ಒಂದು ಕಡೆ ಈ ಚಿಹ್ನೆಯೊಂದಿಗೆ, ಇನ್ನೊಂದು ಕಡೆ ಅದಿಲ್ಲದೆ ಬರೆದರೆ ಕೆಲವು ತಂತ್ರಾಂಶಗಳು ಅವನ್ನು ಬೇರೆ ಬೇರೆ ಪದಗಳೆಂದೇ ಎಣಿಸುತ್ತವೆ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ನಿಮ್ಮ ವಿನ್ಯಾಸವನ್ನು ಪರೀಕ್ಷಿಸುವ ಹಾಗೆಯೇ ಬರಹವನ್ನೂ ಒಬ್ಬರ ಮುಂದಿಟ್ಟು ಪರೀಕ್ಷಿಸಿ. ಅವರು ನಿಮ್ಮ ಬರಹವನ್ನು ಮಾತ್ರ ನೋಡಿಕೊಂಡು ಕೆಲಸ ಮಾಡಲಿ. ನೀವು ಪಕ್ಕದಲ್ಲಿ ಕುಳಿತು, ಬಾಯಿ ತೆರೆಯದೆ, ಅವರು ಎಲ್ಲಿ ಹಿಂದಿನ ಸಾಲಿಗೆ ಮರಳಿದರು, ಎಲ್ಲಿ ಮೌಸ್ ಸುಮ್ಮನೆ ಅಲೆಯಿತು ಎಂಬುದನ್ನು ಬರೆದುಕೊಳ್ಳಿ. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಆ ಟಿಪ್ಪಣಿ ಎಷ್ಟೋ ಹೆಚ್ಚು ಬೆಲೆಯುಳ್ಳದ್ದು.

ಇದನ್ನು ನಾನು ಕಲಿತ ಬಗೆಯನ್ನು ಹೇಳುತ್ತೇನೆ. ಇಂಕ್‌ಸ್ಕೇಪಿನಲ್ಲಿ ಮಾಡಿದ ಕನ್ನಡ ಪೋಸ್ಟರನ್ನು ಮುದ್ರಣಾಲಯಕ್ಕೆ ಕಳಿಸುವ ಕ್ರಮವನ್ನು ವಿದ್ಯಾರ್ಥಿಯಾಗಿದ್ದಾಗ ಬರೆದಿದ್ದೆ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ನಮ್ಮ ಫಾಂಟು ಇಲ್ಲದಿದ್ದರೆ ಒತ್ತಕ್ಷರಗಳು ಚೆದುರಿ ಹೋಗುತ್ತವೆ. ಅದಕ್ಕೆ ಪಠ್ಯವನ್ನೆಲ್ಲ ಆರಿಸಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ, ಅಕ್ಷರಗಳನ್ನು ಆಕೃತಿಗಳಾಗಿ ಮಾರ್ಪಡಿಸಿ ಕಳಿಸಬೇಕು. ಆರು ಹಂತಗಳಲ್ಲಿ ಬರೆದು, ಎರಡು ಬಾರಿ ಓದಿ, ತೃಪ್ತಿಯಿಂದ ಪ್ರಕಟಿಸಿದೆ. ನನ್ನ ಕಿರಿಯ ಸಹಪಾಠಿಯೊಬ್ಬಳು ಅದನ್ನು ನೋಡಿಕೊಂಡು ಕಾಲೇಜಿನ ಉತ್ಸವದ ಪೋಸ್ಟರ್ ಸಿದ್ಧಪಡಿಸಿದಳು. ಎರಡು ದಿನಗಳ ಮೇಲೆ ಕಾರ್ಯಕ್ರಮದ ದಿನಾಂಕ ಬದಲಾಯಿತು. ಫೈಲ್ ತೆರೆದರೆ ಅಲ್ಲಿ ತಿದ್ದಲು ಪಠ್ಯವೇ ಇರಲಿಲ್ಲ, ಎಲ್ಲವೂ ಆಕೃತಿಗಳು. ಮಾರ್ಪಡಿಸುವ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಬೇಕೆಂಬುದನ್ನು ನಾನು ಬರೆದೇ ಇರಲಿಲ್ಲ. ನನ್ನ ಕೈ ಅದನ್ನು ರೂಢಿಯಿಂದ ಮಾಡುತ್ತಿದ್ದುದರಿಂದ ಅದೊಂದು ಹಂತವೆಂದು ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ಅವಳು ರಾತ್ರಿ ಕುಳಿತು ಇಡೀ ಪೋಸ್ಟರಿನ ಪಠ್ಯವನ್ನು ಮತ್ತೆ ಟೈಪ್ ಮಾಡಿದಳು. ಆ ತಪ್ಪು ನನ್ನದು. ಪ್ರಕಟಿಸುವ ಮೊದಲು ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ನೋಡಿದ್ದರೆ, ಅವಳು ಮೂಲ ಫೈಲಿನ ಮೇಲೆಯೇ ಸೇವ್ ಒತ್ತುವುದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಪರೀಕ್ಷಿಸಲು ಯಾರೂ ಸಿಗದಿದ್ದರೆ ಬರಹವನ್ನು ಎರಡು ದಿನ ಬಿಟ್ಟು, ಹೊಸ ಖಾಲಿ ಫೈಲ್ ತೆರೆದು, ನಿಮ್ಮ ಸೂಚನೆಗಳನ್ನು ನೀವೇ ಅಕ್ಷರಶಃ ಪಾಲಿಸಿ ನೋಡಿ. ಬರೆಯದೆ ಇರುವುದನ್ನು ಮಾಡಬಾರದು ಎಂಬ ಒಂದೇ ಕಟ್ಟುಪಾಡು ಸಾಕು.

ಚಿತ್ರಗಳನ್ನು ಹೇಗೆ ಬಳಸಬೇಕು?

ಪರದೆಯನ್ನು ಪೂರ್ತಿ ತೋರಿಸದೆ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ತೋರಿಸಿ, ಆದರೆ ಅದು ಪರದೆಯ ಯಾವ ಮೂಲೆಯದೆಂದು ಗುರುತು ಸಿಗುವಷ್ಟು ಸುತ್ತಲಿನ ಜಾಗವನ್ನು ಉಳಿಸಿ. ಸ್ಕ್ರೀನ್‌ಶಾಟಿಗೆ ಪಿಎನ್‌ಜಿ, ಫೋಟೊಗೆ ಜೆಪೆಗ್, ರೇಖಾಚಿತ್ರಕ್ಕೆ ಎಸ್‌ವಿಜಿ ಸಾಮಾನ್ಯವಾಗಿ ಹೊಂದುತ್ತವೆ. ಸೂಚನೆಯನ್ನು ಚಿತ್ರದೊಳಗೆ ಮಾತ್ರ ಬರೆದು ಬಿಡಬೇಡಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಪ್ರತಿ ಚಿತ್ರಕ್ಕೂ ಆ ತಂತ್ರಾಂಶ ಓದಿ ಹೇಳಬಲ್ಲ ಬದಲಿ ಪಠ್ಯ (ಆಲ್ಟ್ ಟೆಕ್ಸ್ಟ್) ಕೊಡಿ, ಮತ್ತು ಆ ಪಠ್ಯ ಚಿತ್ರ ಅಲ್ಲಿರುವ ಕಾರಣವನ್ನು ಹೇಳಲಿ: ‘ಬಟನ್ನಿನ ಚಿತ್ರ’ ಎಂಬುದಕ್ಕಿಂತ ‘ಶಾಸ್ತ್ರೀಯ ಎಂಬ ಪದದ ಒತ್ತಕ್ಷರ ಬಟನ್ನಿನ ಕೆಳ ಅಂಚಿನಲ್ಲಿ ಕತ್ತರಿಸಿಹೋಗಿದೆ’ ಎಂಬುದು ಕಣ್ಣು ಕಾಣದ ಓದುಗರಿಗೂ ಸಂಗತಿಯನ್ನು ತಲುಪಿಸುತ್ತದೆ. ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕೆಂಬ ವೆಬ್ ಸುಲಭಲಭ್ಯತಾ ಮಾರ್ಗಸೂಚಿಯನ್ನು ವಿನ್ಯಾಸದ ತರಗತಿಯಲ್ಲಿ ಕಲಿತಿರುತ್ತೀರಿ. ಅದನ್ನು ನಿಮ್ಮ ಸ್ವಂತ ಬ್ಲಾಗಿನಲ್ಲಿಯೂ ಪಾಲಿಸಿ. ತಿಳಿಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರಗಳನ್ನಿಟ್ಟ ವಿನ್ಯಾಸ ವಿದ್ಯಾರ್ಥಿಗಳ ಬ್ಲಾಗುಗಳನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಎಲ್ಲಿ ಪ್ರಕಟಿಸಲಿ? ಕೋಡಿಂಗ್ ಕಲಿಯಬೇಕೇ?

ಆರಂಭಕ್ಕೆ ವರ್ಡ್‌ಪ್ರೆಸ್ ಅಥವಾ ಬ್ಲಾಗರ್ ಸಾಕು. ಜಾಗದ ಆಯ್ಕೆಯಲ್ಲಿ, ಬ್ಲಾಗಿನ ರೂಪ ತಿದ್ದುವುದರಲ್ಲಿ ತಿಂಗಳುಗಟ್ಟಲೆ ಕಳೆಯುವುದು ವಿನ್ಯಾಸ ವಿದ್ಯಾರ್ಥಿಗಳಿಗೆ ಸುಲಭವಾಗಿ ಅಂಟುವ ರೋಗ. ಮೊದಲ ಐದು ಬರಹಗಳು ಸಿದ್ಧವಾಗುವವರೆಗೆ ಸಿದ್ಧರೂಪವನ್ನೇ ಬಳಸಿ. ಕೋಡಿಂಗ್ ಕಡ್ಡಾಯವಲ್ಲ. ಆದರೆ ಮಾರ್ಕ್‌ಡೌನ್ ಕಲಿಯಿರಿ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಈ ಸರಳ ಬರಹ ಪದ್ಧತಿಯಲ್ಲಿ ಶೀರ್ಷಿಕೆ, ಪಟ್ಟಿ, ಕೊಂಡಿಗಳನ್ನು ನಾಲ್ಕಾರು ಚಿಹ್ನೆಗಳಿಂದಲೇ ಗುರುತಿಸಬಹುದು, ಒಂದು ಸಂಜೆಯಲ್ಲಿ ಕಲಿತು ಮುಗಿಯುತ್ತದೆ. ಅದಾದ ಮೇಲೆ, ಫೈಲುಗಳಲ್ಲಿ ಆದ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದ ಬಳಕೆಯ ಮೊದಲ ಪಾಠಗಳು. ತಂತ್ರಾಂಶ ತಂಡಗಳಲ್ಲಿ ಕೈಪಿಡಿಗಳು ಹೆಚ್ಚಾಗಿ ಇವೆರಡರ ಮೂಲಕವೇ ಸಾಗುತ್ತವೆ. ಗೂಗಲ್‌ನ ತಾಂತ್ರಿಕ ಬರವಣಿಗೆಯ ಪಾಠಗಳು ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಅವು ಎಂಜಿನಿಯರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಾದರೂ ವಾಕ್ಯಗಳನ್ನು ಬಿಗಿಗೊಳಿಸುವ ಅಭ್ಯಾಸಗಳು ಯಾರಿಗಾದರೂ ಉಪಯುಕ್ತ.

ಅನುಭವ ಬೇಕು, ಆದರೆ ಅನುಭವವಿಲ್ಲದೆ ಯಾರೂ ಕೆಲಸ ಕೊಡುವುದಿಲ್ಲ. ಎಲ್ಲಿಂದ ಆರಂಭಿಸಲಿ?

ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶ ಯೋಜನೆಗಳಿಂದ. ಇಂಕ್‌ಸ್ಕೇಪ್, ಗಿಂಪ್, ಕೃತಾ, ಪೆನ್‌ಪಾಟ್ ಇವು ನೀವು ದಿನವೂ ಬಳಸಬಹುದಾದ ವಿನ್ಯಾಸ ಸಾಧನಗಳು, ಮತ್ತು ಇವುಗಳ ಕೈಪಿಡಿಗಳನ್ನು ತಿದ್ದಲು ಹೊರಗಿನವರಿಗೂ ಅವಕಾಶವಿದೆ. ಮೊದಲ ದಿನವೇ ಹೊಸ ಅಧ್ಯಾಯ ಬರೆಯಲು ಹೋಗಬೇಡಿ. ಹಳೆಯದಾದ ಒಂದು ಸ್ಕ್ರೀನ್‌ಶಾಟ್ ಬದಲಿಸುವುದು, ಈಗ ಇಲ್ಲದ ಮೆನುವಿನ ಹೆಸರನ್ನು ಸರಿಪಡಿಸುವುದು, ಇಂಥ ಸಣ್ಣ ತಿದ್ದುಪಡಿ ಕಳಿಸಿ. ಅದನ್ನು ಪರಿಶೀಲಿಸುವವರು ಬರೆಯುವ ಟಿಪ್ಪಣಿಗಳಿಂದ ಅಲ್ಲಿನ ರೀತಿ ತಿಳಿಯುತ್ತದೆ. ಕನ್ನಡ ಅನುವಾದದ ಕೆಲಸಕ್ಕೂ ಅಲ್ಲಿ ಜನ ಬೇಕಾಗಿದ್ದಾರೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಮುದ್ರಣ, ಲಿಪಿ, ಬಣ್ಣ ಕುರಿತ ಲೇಖನಗಳನ್ನು ತಿದ್ದುವುದೂ ಒಳ್ಳೆಯ ಅಭ್ಯಾಸವೇ. ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬಾರದು ಎಂಬ ಶಿಸ್ತು ಅಲ್ಲಿ ಬರುತ್ತದೆ.

ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮವನ್ನೂ ಗಮನದಲ್ಲಿಡಿ. ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯದವರಿಗಾಗಿ ನಡೆಯುವ, ಮೂರು ತಿಂಗಳ, ಭತ್ಯೆ ಇರುವ ಈ ಕಾರ್ಯಕ್ರಮದಲ್ಲಿ ಕೋಡಿಂಗ್ ಮಾತ್ರವಲ್ಲದೆ ವಿನ್ಯಾಸ ಮತ್ತು ಕೈಪಿಡಿ ಬರವಣಿಗೆಯ ಯೋಜನೆಗಳೂ ಇರುತ್ತವೆ. ಅಲ್ಲಿ ಇರುವಷ್ಟು ಕಾಲ ನಿಯಮಿತವಾಗಿ ಬ್ಲಾಗ್ ಬರೆಯುವುದೂ ಕೆಲಸದ ಭಾಗವೇ. ಆಯ್ಕೆಯ ಮೊದಲು ಯೋಜನೆಗೆ ಕೊಡುಗೆ ನೀಡಿ ತೋರಿಸಬೇಕು. ನಿಯಮಗಳನ್ನು ಅವರ ತಾಣದಲ್ಲಿ ಪೂರ್ತಿ ಓದಿಯೇ ಅರ್ಜಿ ಹಾಕಿ.

ಕಾಲೇಜಿನ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಕೆಲಸಗಳ ಬಗ್ಗೆ ಬರೆಯಬಹುದೇ?

ಕಾಲೇಜಿನ ಪ್ರಾಜೆಕ್ಟ್ ಬಗ್ಗೆ ಬರೆಯಬಹುದು, ಗುಂಪಿನಲ್ಲಿದ್ದವರ ಪಾಲನ್ನು ಹೆಸರಿಸಿ, ಅವರ ಒಪ್ಪಿಗೆ ಪಡೆದು. ಇಂಟರ್ನ್‌ಶಿಪ್ ಕೆಲಸಕ್ಕೆ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಹೊರಬರದ ಪರದೆಗಳನ್ನು ಮಸುಕು ಮಾಡಿಯೂ ಹಾಕಬಾರದು. ನೀವು ಸಂದರ್ಶಿಸಿದ ಬಳಕೆದಾರರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತರಗತಿಯ ಅಧ್ಯಯನಕ್ಕೆಂದು ಮಾತಾಡಿದ ಹೂವಿನ ವ್ಯಾಪಾರಿಯೊಬ್ಬರು ತಮ್ಮ ಫೋಟೊ ಜಗತ್ತಿಗೆಲ್ಲ ಕಾಣುತ್ತದೆ ಎಂದು ಎಣಿಸಿರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿ. ಬೇಡವೆಂದರೆ ಅಲ್ಲಿಗೆ ಬಿಡಿ.

ಎಐ ಸಾಧನಗಳಿಂದ ಬರೆಸಿದರೆ ಆಗದೇ?

ಕಾಗುಣಿತ ನೋಡಲು, ಉದ್ದವಾದ ಇಂಗ್ಲಿಷ್ ವಾಕ್ಯವನ್ನು ಒಡೆಯಲು ಬಳಸಿ. ಕಲಿಯುವ ಹಂತದಲ್ಲಿ ಕರಡನ್ನು ಮಾತ್ರ ನೀವೇ ಬರೆಯಿರಿ. ಈ ಸಾಧನಗಳು ಇರದ ಮೆನುವನ್ನು ಇದೆಯೆಂದು ನಯವಾದ ವಾಕ್ಯದಲ್ಲಿ ಬರೆದುಕೊಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಪ್ರತಿ ಹಂತವನ್ನೂ ಕೈಯಾರೆ ಮಾಡಿ ನೋಡದೆ ಪ್ರಕಟಿಸಿದರೆ ಅದರ ಹೊಣೆ ನಿಮ್ಮ ಮೇಲೆಯೇ ಬರುತ್ತದೆ.

ಎಷ್ಟು ದಿನಕ್ಕೊಮ್ಮೆ ಬರೆಯಬೇಕು?

ಹದಿನೈದು ದಿನಕ್ಕೊಂದು ಸಾಕು. ಪರೀಕ್ಷೆ, ಜ್ಯೂರಿ (ಪರೀಕ್ಷಕರ ಮುಂದೆ ಕೆಲಸ ತೋರಿಸುವುದು) ಇರುವ ತಿಂಗಳಲ್ಲಿ ಬರೆಯದಿದ್ದರೂ ನಡೆಯುತ್ತದೆ. ಟಿಪ್ಪಣಿ ಮಾತ್ರ ದಿನವೂ ಇರಲಿ.

ಇದರಿಂದ ಉದ್ಯೋಗ ಸಿಗುತ್ತದೆಯೇ?

ತಾಂತ್ರಿಕ ಬರಹಗಾರರು, ಆ್ಯಪ್ ಪರದೆಗಳ ಮೇಲಿನ ಮಾತುಗಳನ್ನು ಬರೆಯುವ ಯುಎಕ್ಸ್ ಬರಹಗಾರರು, ಡಿಸೈನ್ ಸಿಸ್ಟಮ್‌ಗೆ ಕೈಪಿಡಿ ಬರೆಯುವವರು, ಹೀಗೆ ಬೇರೆ ಬೇರೆ ಹೆಸರುಗಳಲ್ಲಿ ಬೆಂಗಳೂರಿನಲ್ಲಿ ಈ ಕೆಲಸವಿದೆ. ಸಂದರ್ಶನದಲ್ಲಿ ನಾನು ಕುಳಿತಾಗ ಮೊದಲು ಕೇಳುವುದು ಒಂದು ಬರಹದ ಮೊದಲ ಕರಡನ್ನು ಮತ್ತು ಪ್ರಕಟವಾದ ರೂಪವನ್ನು. ಎರಡರ ನಡುವೆ ಏನು ಬದಲಾಯಿತು, ಯಾರು ಎಲ್ಲಿ ತಡವರಿಸಿದ್ದರಿಂದ ಬದಲಾಯಿತು ಎಂದು ಹೇಳಬಲ್ಲ ಅಭ್ಯರ್ಥಿ, ಮೂವತ್ತು ಬರಹಗಳ ಪಟ್ಟಿ ತಂದವರಿಗಿಂತ ನನ್ನ ಮನಸ್ಸಿನಲ್ಲಿ ಉಳಿಯುತ್ತಾರೆ. ಆದ್ದರಿಂದ ಕರಡುಗಳನ್ನು ಅಳಿಸಬೇಡಿ, ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಒಂದು ಬರಹವನ್ನಾದರೂ ಕರಡು ಸಹಿತ ಇಡಿ.

ಹಳೆಯ ಬರಹದಲ್ಲಿ ತಪ್ಪಿದೆ ಎಂದು ಈಗ ತಿಳಿಯಿತು. ಅಳಿಸಿಬಿಡಲೇ?

ಅಳಿಸಬೇಡಿ; ಯಾರೋ ಅದರ ಕೊಂಡಿಯನ್ನು ಉಳಿಸಿಕೊಂಡಿರಬಹುದು. ತಪ್ಪನ್ನು ತಿದ್ದಿ, ಬರಹದ ತಲೆಯಲ್ಲಿಯೇ ಯಾವ ದಿನ ಏನನ್ನು ತಿದ್ದಿದಿರಿ ಎಂದು ಒಂದು ಸಾಲು ಹಾಕಿ. ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿ ನೋಡಿದ್ದು ಎಂಬುದನ್ನು ಮೊದಲಿನಿಂದಲೇ ಬರೆಯುವ ರೂಢಿ ಇಟ್ಟುಕೊಂಡರೆ, ಎರಡು ವರ್ಷ ಬಿಟ್ಟು ಓದುವವರಿಗೆ ತಮ್ಮ ಪರದೆ ಬೇರೆಯಾಗಿ ಏಕೆ ಕಾಣುತ್ತಿದೆ ಎಂದು ತಿಳಿಯುತ್ತದೆ. ನನ್ನ ಆ ಪೋಸ್ಟರಿನ ಬರಹ ಈಗಲೂ ಇದೆ. ಅದರಲ್ಲಿ ಈಗ ಏಳು ಹಂತಗಳಿವೆ, ಮೊದಲನೆಯದು ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸುವುದು.